ಕಾಯಲು ಹೋದವರು ಕಲಿತು ಬಂದರು

ಮಗನನ್ನು ಪರದೇಶಕ್ಕೆ ಓದಲು ಕಳುಹಿಸುವ ದಿನ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಬಜ್ಪೆಯ ವಿಮಾನ ನಿಲ್ದಾಣದ ಹೊರಗೆ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟರೆ ಸಾಕು. ತೂಕ ಹೆಚ್ಚಾಯಿತೆಂದು ಪೆಟ್ಟಿಗೆಯಿಂದ ಉಪ್ಪಿನಕಾಯಿಯ ಬಾಟಲಿಯನ್ನು ಹೊರತೆಗೆಯುತ್ತಾ ತಾಯಿ, ‘ನಮಾಝ್ ಬಿಡಬೇಡ ಮಗಾ, ಕೆಟ್ಟವರ ಸಹವಾಸ ಬೇಡ’ ಎನ್ನುತ್ತಾರೆ. ಬ್ಯಾಂಕಿನ ಸಾಲದ ಕಾಗದಗಳಿಗೆ ಸಹಿ ಹಾಕಿ ಬಂದಿರುವ ತಂದೆ, ‘ಓದು ಮುಗಿದ ಕೂಡಲೇ ಒಳ್ಳೆಯ ಕೆಲಸ ನೋಡಿಕೋ’ ಎನ್ನುತ್ತಾರೆ. ಒಂದು ಭಯದ ಮಾತು, ಇನ್ನೊಂದು ನಿರೀಕ್ಷೆಯ ಮಾತು. ಎರಡೂ ಸಹಜವೇ, ಎರಡರಲ್ಲೂ ತಪ್ಪೇನಿಲ್ಲ. ಆದರೆ ಮೂರನೆಯ ಮಾತೊಂದಿದೆ, ಅದನ್ನು ಹೇಳುವವರು ಕಡಿಮೆ: ‘ಅಲ್ಲಿ ಕಂಡದ್ದನ್ನು ಬರೆದಿಡು, ಬಂದು ನಮಗೂ ಹೇಳು.’

ಸುಮಾರು ಎರಡು ಶತಮಾನಗಳ ಹಿಂದೆ ಕೈರೋದ ಒಬ್ಬ ಗುರು ತಮ್ಮ ಶಿಷ್ಯನಿಗೆ ಈ ಮೂರನೆಯ ಮಾತನ್ನು ಹೇಳಿ ಕಳುಹಿಸಿದರು. ಶಿಷ್ಯನ ಹೆಸರು ರಿಫಾಅ ತಹ್ತಾವಿ. 1826ರಿಂದ 1831ರವರೆಗೆ ಐದು ವರ್ಷ ಅವರು ಫ್ರಾನ್ಸಿನಲ್ಲಿದ್ದರು. ಅವರು ಹೊರಟದ್ದು ವಿದ್ಯಾರ್ಥಿಯಾಗಿ ಅಲ್ಲ, ವಿದ್ಯಾರ್ಥಿಗಳಿಗೆ ನಮಾಝ್ ಮಾಡಿಸುವ ಇಮಾಮರಾಗಿ. ಪರದೇಶದ ಗಾಳಿ ತಾಗಿ ಹುಡುಗರು ದಾರಿತಪ್ಪದಂತೆ ಕಾಯುವುದು ಅವರಿಗೆ ವಹಿಸಲಾದ ಕೆಲಸ. ಆದರೆ ಆ ಇಡೀ ತಂಡದಲ್ಲಿ ಇತಿಹಾಸ ಇಂದಿಗೂ ವಿದ್ಯಾರ್ಥಿ ಎಂದು ನೆನೆಯುವುದು ಆ ಇಮಾಮರನ್ನೇ. ಅದು ಹೇಗೆ ಸಾಧ್ಯವಾಯಿತು, ಮರಳಿ ಬಂದ ಅವರನ್ನು ಅವರ ನಾಡು ಹೇಗೆ ನಡೆಸಿಕೊಂಡಿತು ಎಂಬುದನ್ನು ನೋಡುವುದು ಇಂದು ಮಕ್ಕಳನ್ನು ಹೊರದೇಶಗಳಿಗೆ ಕಳುಹಿಸುತ್ತಿರುವ ನಮಗೂ ಅಗತ್ಯ.

ತಹ್ತಾದಿಂದ ಅಝ್‌ಹರ್‌ಗೆ

ಈಜಿಪ್ಟಿನ ದಕ್ಷಿಣ ಭಾಗದಲ್ಲಿ, ನೈಲ್ ನದಿಯ ಸೀಮೆಯಲ್ಲಿರುವ ತಹ್ತಾ ಎಂಬ ಊರಿನಲ್ಲಿ 1801ರಲ್ಲಿ ರಿಫಾಅ ಹುಟ್ಟಿದರು. ಮೂರು ವರ್ಷ ಈಜಿಪ್ಟನ್ನು ಆಕ್ರಮಿಸಿಕೊಂಡಿದ್ದ ಫ್ರೆಂಚ್ ಸೈನ್ಯ ಅಲ್ಲಿಂದ ಕಾಲ್ತೆಗೆದದ್ದೂ ಅದೇ ವರ್ಷ. ಅವರದು ವಿದ್ವಾಂಸರ ಮನೆತನ. ಭೂಮಿಯ ಕಂದಾಯ ವಸೂಲಿಯ ಹಕ್ಕಿನಿಂದ ಒಂದಷ್ಟು ಅನುಕೂಲವಿತ್ತು. 1805ರಲ್ಲಿ ಈಜಿಪ್ಟಿನ ಆಡಳಿತ ಹಿಡಿದ ಮುಹಮ್ಮದ್ ಅಲಿ ಪಾಶಾ ಆ ಹಕ್ಕುಗಳನ್ನೆಲ್ಲಾ ರದ್ದುಪಡಿಸಿದಾಗ ಕುಟುಂಬ ಬಡತನಕ್ಕೆ ಇಳಿಯಿತು. ಮುಂದೆ ಇದೇ ಪಾಶಾ ಈ ಹುಡುಗನನ್ನು ಪ್ಯಾರಿಸಿಗೆ ಕಳುಹಿಸುವವನಿದ್ದ!

1817ರಲ್ಲಿ ರಿಫಾಅ ಕೈರೋಕ್ಕೆ ಬಂದು ಅಲ್ ಅಝ್‌ಹರ್ ಸೇರಿದರು. ಅಲ್ಲಿ ಅವರಿಗೆ ದೊರೆತ ದೊಡ್ಡ ಭಾಗ್ಯವೆಂದರೆ ಶೇಖ್ ಹಸನ್ ಅಲ್ ಅತ್ತಾರ್ ಎಂಬ ಗುರು. ಅತ್ತಾರ್ ಸಾಮಾನ್ಯ ಶಿಕ್ಷಕರಾಗಿರಲಿಲ್ಲ. ಫ್ರೆಂಚರು ಕೈರೋದಲ್ಲಿದ್ದ ದಿನಗಳಲ್ಲಿ ಅವರು ಆ ಸೈನ್ಯದೊಂದಿಗೆ ಬಂದಿದ್ದ ವಿದ್ವಾಂಸರ ಜೊತೆ ಒಡನಾಡಿದ್ದರು. ಅವರ ಪುಸ್ತಕಗಳನ್ನೂ ಉಪಕರಣಗಳನ್ನೂ ಕಣ್ಣಾರೆ ಕಂಡಿದ್ದರು. ನಾಡನ್ನು ಆಕ್ರಮಿಸಿದವರ ಕೈಯಲ್ಲಿ ಕೋವಿಯ ಜೊತೆಗೆ ಇನ್ನೇನೋ ಇದೆ, ಅದು ನಮ್ಮಲ್ಲಿಲ್ಲ ಎಂಬ ಅರಿವು ಅವರಿಗಿತ್ತು. ಪಠ್ಯಕ್ರಮದಲ್ಲಿಲ್ಲದ ಇತಿಹಾಸ, ಭೂಗೋಳ, ಸಾಹಿತ್ಯಗಳನ್ನು ಅವರು ಆಯ್ದ ಶಿಷ್ಯರೊಂದಿಗೆ ಪ್ರತ್ಯೇಕವಾಗಿ ಓದುತ್ತಿದ್ದರು. ಮುಂದೆ ಅವರು ಅಝ್‌ಹರ್‌ನ ಮುಖ್ಯಸ್ಥರೂ ಆದರು.

ವ್ಯಾಸಂಗ ಮುಗಿಸಿದ ರಿಫಾಅ ಸ್ವಲ್ಪ ಕಾಲ ಅಲ್ಲೇ ಪಾಠ ಹೇಳಿ, 1824ರಲ್ಲಿ ಪಾಶಾನ ಹೊಸ ಸೈನ್ಯದ ಒಂದು ದಳಕ್ಕೆ ಇಮಾಮರಾದರು. ಎರಡು ವರ್ಷಗಳ ನಂತರ ಪ್ಯಾರಿಸಿಗೆ ಹೋಗುವ ತಂಡಕ್ಕೆ ಇಮಾಮರು ಬೇಕಾದಾಗ ಅತ್ತಾರ್ ಅವರ ಹೆಸರನ್ನು ಸೂಚಿಸಿದರು. ಹೊರಡುವಾಗ ಕೊಟ್ಟ ಉಪದೇಶ ಇಷ್ಟೇ: ದಾರಿಯಲ್ಲಿ ಮತ್ತು ಆ ದೇಶದಲ್ಲಿ ಕಾಣುವ ವಿಶೇಷಗಳನ್ನೆಲ್ಲಾ ಗಮನವಿಟ್ಟು ನೋಡು, ಬರೆದಿಡು, ಮುಂದೆ ಬರುವವರಿಗೆ ಅದು ಉಪಯೋಗಕ್ಕೆ ಬರಲಿ.

ಪಾಶಾನ ಲೆಕ್ಕಾಚಾರ

ಮುಹಮ್ಮದ್ ಅಲಿಗೆ ಬೇಕಾದದ್ದು ಬಲಿಷ್ಠ ಸೈನ್ಯ. ನಲ್ವತ್ತು ದಾಟಿದ ಮೇಲೆ ಅಕ್ಷರ ಕಲಿತ ಈ ಆಡಳಿತಗಾರನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಫಿರಂಗಿಯನ್ನು ಕೊಂಡುಕೊಳ್ಳಬಹುದು, ಆದರೆ ಫಿರಂಗಿ ಎರಕ ಹೊಯ್ಯುವವನು, ಗಾಯಾಳುವಿಗೆ ಚಿಕಿತ್ಸೆ ನೀಡುವವನು, ನಕ್ಷೆ ಬರೆಯುವವನು, ಲೆಕ್ಕ ಇಡುವವನು ನಾಡಿನೊಳಗೇ ಇರಬೇಕು.

ಈ ಅರಿವು ಅವನಿಗಿಂತ ಮೊದಲೇ ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಇತ್ತು. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು 1788ರಲ್ಲಿ ಫ್ರಾನ್ಸಿಗೆ ಹೋಗಿ ಹದಿನಾರನೆಯ ಲೂಯಿಯನ್ನು ಭೇಟಿಯಾಗಿದ್ದರು. ಅವರು ಸೈನಿಕ ನೆರವಿನ ಜೊತೆಗೆ ನಾನಾ ಕಸುಬಿನ ಕುಶಲಕರ್ಮಿಗಳನ್ನೂ ಕೇಳಿದ್ದರು. ಬಲ್ಲವರನ್ನು ಅಲ್ಲಿಂದ ಇಲ್ಲಿಗೆ ಕರೆತರುವುದು ಟಿಪ್ಪುವಿನ ಯೋಜನೆಯಾಗಿತ್ತು. ಪಾಶಾ ಅದರ ಜೊತೆಗೆ ಇನ್ನೊಂದು ದಾರಿಯನ್ನೂ ಹಿಡಿದ, ಇಲ್ಲಿನವರನ್ನೇ ಅಲ್ಲಿಗೆ ಕಳುಹಿಸಿದ. 1826ರ ಏಪ್ರಿಲ್‌ನಲ್ಲಿ ಅಲೆಕ್ಸಾಂಡ್ರಿಯದಿಂದ ಫ್ರೆಂಚ್ ನೌಕೆಯೊಂದರಲ್ಲಿ ಹೊರಟ ತಂಡದಲ್ಲಿ ನಲ್ವತ್ತಕ್ಕೂ ಹೆಚ್ಚು ಮಂದಿಯಿದ್ದರು. ಅವರಲ್ಲಿ ಬಹುಪಾಲು ತುರ್ಕಿ ಮಾತನಾಡುವ ಅಧಿಕಾರಿ ವರ್ಗದವರು. ತಹ್ತಾವಿಯಂತಹ ಹಳ್ಳಿಗಾಡಿನ ಅರಬರು ಕಡಿಮೆ. ನೌಕಾವಿದ್ಯೆ, ವೈದ್ಯ, ರಸಾಯನ, ಮುದ್ರಣ, ಕೃಷಿ, ಆಡಳಿತ ಎಂದು ಒಬ್ಬೊಬ್ಬರಿಗೂ ಒಂದೊಂದು ವಿಷಯ ಗೊತ್ತುಪಡಿಸಲಾಗಿತ್ತು. ಇಮಾಮರಿಗೆ ಯಾವ ವಿಷಯವೂ ಇರಲಿಲ್ಲ.

ಆದರೆ ಹೋದವರಲ್ಲಿ ಫ್ರೆಂಚ್ ಅಕ್ಷರಗಳನ್ನು ಬಲು ಆಸೆಯಿಂದ ಕಲಿತವರಲ್ಲಿ ಇಮಾಮರೂ ಒಬ್ಬರು. ಅವರ ಆಸಕ್ತಿಯನ್ನು ಕಂಡು ಅನುವಾದವನ್ನು ಅವರ ವಿಷಯವನ್ನಾಗಿ ಮಾಡಲಾಯಿತು. ಸರಕಾರ ಕೊಡಿಸಿದ ಪುಸ್ತಕಗಳು ಸಾಲದೆ ಅವರು ತಮ್ಮ ಭತ್ಯೆಯ ಹಣದಿಂದಲೇ ಪುಸ್ತಕಗಳನ್ನು ಕೊಂಡರು. ಖಾಸಗಿಯಾಗಿ ಒಬ್ಬ ಶಿಕ್ಷಕನನ್ನೂ ಇಟ್ಟುಕೊಂಡರು. ರಾತ್ರಿಯೆಲ್ಲಾ ಓದಿ ಎಡಗಣ್ಣು ಮಂಜಾಯಿತು. ವೈದ್ಯರು ರಾತ್ರಿಯ ಓದು ಬೇಡವೆಂದರು. ಕಲಿಕೆ ಹಿಂದೆ ಬೀಳುತ್ತದೆಂಬ ಭಯದಿಂದ ಅವರು ಓದು ನಿಲ್ಲಿಸಲಿಲ್ಲ.

ತಂಡದ ಮೇಲ್ವಿಚಾರಣೆ ಎದ್ಮ್ ಫ್ರಾನ್ಸ್ವಾ ಜೊಮಾರ್ ಅವರದು. ನೆಪೋಲಿಯನ್ನನ ಸೈನ್ಯದ ಜೊತೆ ಈಜಿಪ್ಟಿಗೆ ಬಂದಿದ್ದ ವಿದ್ವಾಂಸರಲ್ಲಿ ಅವರೂ ಒಬ್ಬರು. ಹುಡುಗರು ಯಾವಾಗ ಹೊರಗೆ ಹೋಗಬೇಕು, ಯಾವಾಗ ಮರಳಬೇಕು ಎಂಬುದಕ್ಕೆಲ್ಲಾ ನಿಯಮಗಳಿದ್ದವು. ಕೈರೋದಿಂದ ಪಾಶಾನ ಪತ್ರಗಳು ಬರುತ್ತಿದ್ದವು. ಒಂದು ಪತ್ರದಲ್ಲಂತೂ, ನಿಮ್ಮ ವರದಿಗಳನ್ನು ನೋಡಿದರೆ ನೀವು ಏನು ಓದುತ್ತಿದ್ದೀರೆಂದೇ ತಿಳಿಯುವುದಿಲ್ಲ, ಸೋಮಾರಿತನ ಬಿಡಿ ಎಂದು ಕಟುವಾಗಿ ಗದರಿದ್ದ. ತಹ್ತಾವಿ ಆ ಪತ್ರವನ್ನು ಮುಚ್ಚಿಡದೆ ತಮ್ಮ ಪುಸ್ತಕದಲ್ಲಿ ಸೇರಿಸಿದ್ದಾರೆ.

ಕನ್ನಡಿಗಳ ಕಾಫಿ ಅಂಗಡಿ

ಒಂದು ತಿಂಗಳಿಗೂ ಮಿಕ್ಕಿದ ಸಮುದ್ರಯಾನ ಮುಗಿಸಿ ಮಾರ್ಸೇಲ್ ಬಂದರಿನಲ್ಲಿ ಇಳಿದಾಗ ತಂಡವನ್ನು ಮೊದಲು ಕ್ವಾರಂಟೈನಿನಲ್ಲಿ ಇರಿಸಲಾಯಿತು. ಪ್ಲೇಗ್ ಹರಡುವ ಭಯದಿಂದ ಪೂರ್ವದಿಂದ ಬಂದವರನ್ನೆಲ್ಲಾ ಹೀಗೆ ಪ್ರತ್ಯೇಕವಿರಿಸುವ ಪದ್ಧತಿಯಿತ್ತು. ತಹ್ತಾವಿ ಇದನ್ನು ಅವಮಾನವೆಂದು ಬಗೆಯಲಿಲ್ಲ. ಇದು ಧರ್ಮಸಮ್ಮತವೇ ಎಂಬ ಬಗ್ಗೆ ಟ್ಯುನೀಸಿಯದ ವಿದ್ವಾಂಸರ ನಡುವೆ ಆಗಲೇ ನಡೆದಿದ್ದ ವಾದವನ್ನು ನೆನಪಿಸಿಕೊಂಡು ಬರೆದರು. ಕೊರೋನಾದ ದಿನಗಳನ್ನು ಕಂಡಿರುವ ನಮಗೆ ಈ ಪುಟಗಳು ಹಳತೆನಿಸುವುದಿಲ್ಲ.

ಮಾರ್ಸೇಲ್‌ನಲ್ಲಿ ಅವರು ಮೊದಲ ಬಾರಿಗೆ ಒಂದು ಕಾಫಿ ಅಂಗಡಿಯನ್ನು ಹೊಕ್ಕರು. ಒಳಗೆ ನೋಡಿದರೆ ಜನವೋ ಜನ! ಇದೇನು ಅಂಗಡಿಯೋ ದೊಡ್ಡ ಪೇಟೆಬೀದಿಯೋ ಎಂದು ಬೆರಗಾದರು. ಸ್ವಲ್ಪ ಹೊತ್ತಿನ ನಂತರವಷ್ಟೇ ಅವರಿಗೆ ತಿಳಿಯಿತು, ಗೋಡೆಗಳ ತುಂಬಾ ಕನ್ನಡಿಗಳಿದ್ದವು. ಒಬ್ಬೊಬ್ಬರು ಹತ್ತು ಮಂದಿಯಾಗಿ ಕಾಣುತ್ತಿದ್ದರು. ಆ ಜನಜಂಗುಳಿಯಲ್ಲಿ ಹಲವು ಮುಖಗಳು ಅವರವೇ ಆಗಿದ್ದವು.

ಅವರ ಪುಸ್ತಕವನ್ನು ಓದುವಾಗ ನಮಗೆ ಈ ಪ್ರಸಂಗ ಮತ್ತೆ ಮತ್ತೆ ನೆನಪಾಗುತ್ತದೆ. ಪ್ಯಾರಿಸನ್ನು ವರ್ಣಿಸುವಾಗಲೆಲ್ಲಾ ಅವರು ಕೈರೋವನ್ನೂ ನೋಡುತ್ತಿರುತ್ತಾರೆ. ಧೂಳೇಳದಂತೆ ಬೀದಿಗೆ ನೀರು ಚಿಮುಕಿಸುವ ಗಾಡಿಗಳನ್ನು ಕಂಡಾಗ ಅವರಿಗೆ ತಮ್ಮ ಊರಿನ ಧೂಳು ನೆನಪಾಗುತ್ತದೆ. ಕೂಲಿಕಾರನೂ ಓದು ಬರಹ ಬಲ್ಲವನೆಂಬುದನ್ನು ಕಂಡಾಗ ತಮ್ಮ ಹಳ್ಳಿ ನೆನಪಾಗುತ್ತದೆ. ಜನರು ಏನನ್ನೂ ಹಾಗೆಯೇ ಒಪ್ಪಿಕೊಳ್ಳದೆ ಕಾರಣ ಕೇಳುತ್ತಾರೆಂದು ಮೆಚ್ಚುತ್ತಾರೆ. ಅದೇ ಉಸಿರಿನಲ್ಲಿ, ಅತಿಥಿ ಸತ್ಕಾರದಲ್ಲಿ ಇವರು ಜಿಪುಣರು, ಔದಾರ್ಯವೇನಿದ್ದರೂ ಅರಬರದು ಎನ್ನುತ್ತಾರೆ.

ಹೊಸ ವಸ್ತುಗಳಿಗೆ ಅರಬಿಯಲ್ಲಿ ಹೆಸರಿರಲಿಲ್ಲ. ನಾಟಕ ಶಾಲೆಯನ್ನು ವಿವರಿಸುವಾಗ ಅದು ನಮ್ಮ ನೆರಳಾಟದಂತೆ, ಆದರೆ ಹಾಗಲ್ಲ ಎಂದು ಹೇಳಿ, ಕೊನೆಗೆ ‘ತಿಯಾತ್ರ್’ ಎಂಬ ಫ್ರೆಂಚ್ ಪದವನ್ನೇ ಅರಬಿಯಲ್ಲಿ ಬರೆದುಬಿಟ್ಟರು. ವೃತ್ತಪತ್ರಿಕೆಗಳು ಅವರಿಗೆ ಬಹಳ ಹಿಡಿಸಿದ ಇನ್ನೊಂದು ಸೋಜಿಗ. ಅನ್ಯಾಯಕ್ಕೊಳಗಾದವನು ತನ್ನ ದೂರನ್ನು ಅಚ್ಚು ಹಾಕಿಸಿದರೆ ದೊಡ್ಡವರೂ ಚಿಕ್ಕವರೂ ಅದನ್ನು ತಿಳಿಯುತ್ತಾರೆಂದು ಅವರು ಗಮನಿಸಿದರು. ಪತ್ರಿಕೆಗಳಲ್ಲಿ ಸುಳ್ಳೂ ಸಾಕಷ್ಟಿರುತ್ತದೆ ಎಂದು ಸೇರಿಸಲು ಮರೆಯಲಿಲ್ಲ.

ಸ್ತ್ರೀಯರ ಬಗ್ಗೆ ಅವರಾಡಿದ ಮಾತು ಇಂದಿಗೂ ಚರ್ಚೆಗೆ ಬರುತ್ತದೆ. ಊರಿಗೆ ಮರಳಿದರೆ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದೇ ಎಂದು ಅವರಿಗೆ ಗೊತ್ತಿತ್ತು. ಹೆಣ್ಣಿನ ಶೀಲ ಮುಖ ಮುಚ್ಚಿರುವುದರಿಂದಲೋ ತೆರೆದಿರುವುದರಿಂದಲೋ ನಿರ್ಧಾರವಾಗುವುದಿಲ್ಲ, ಬೆಳೆದು ಬಂದ ರೀತಿ, ದಾಂಪತ್ಯದ ನಿಷ್ಠೆ ಮತ್ತು ಹೊಂದಾಣಿಕೆಯಿಂದ ನಿರ್ಧಾರವಾಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. 1830ರ ದಶಕದಲ್ಲಿ ಅಝ್‌ಹರ್‌ನ ಒಬ್ಬ ಶೇಖ್ ಇದನ್ನು ಬರೆದು ಅಚ್ಚು ಹಾಕಿಸಿದರೆಂಬುದು ಸಣ್ಣ ವಿಷಯವಲ್ಲ.

ವಿದ್ವಾಂಸನೆಂದರೆ ಯಾರು?

ತಹ್ತಾವಿಯನ್ನು ಹೆಚ್ಚು ಕಾಡಿದ ಪ್ರಶ್ನೆ ಮಾತ್ರ ಕಾಫಿ ಅಂಗಡಿಯದೂ ಅಲ್ಲ, ಉಡುಪಿನದೂ ಅಲ್ಲ. ಫ್ರಾನ್ಸಿನಲ್ಲಿ ‘ಆಲಿಮ್’ ಎಂದರೆ ಯಾರು ಎಂಬುದನ್ನು ಅವರು ಓದುಗರಿಗೆ ಬಿಡಿಸಿ ಹೇಳಬೇಕಾಯಿತು. ಅಲ್ಲಿ ಒಬ್ಬರನ್ನು ವಿದ್ವಾಂಸರೆಂದು ಕರೆದರೆ ಅವರು ಧರ್ಮಶಾಸ್ತ್ರ ಬಲ್ಲವರೆಂದು ತಿಳಿಯಬೇಡಿ, ಪಾದ್ರಿಗಳು ಧರ್ಮವನ್ನಷ್ಟೇ ಬಲ್ಲರು, ವಿದ್ವಾಂಸರೆಂಬ ಹೆಸರು ಗಣಿತ, ವೈದ್ಯ, ಭೌತಶಾಸ್ತ್ರಗಳಂತಹ ವಿದ್ಯೆಗಳನ್ನು ಬಲ್ಲವರಿಗೆ ಸಲ್ಲುತ್ತದೆ ಎಂದು ಅವರು ವಿವರಿಸಿದರು. ಕೈರೋದ ಅಝ್‌ಹರ್, ಟ್ಯುನಿಸ್‌ನ ಝೈತೂನ, ಫೆಝ್‌ನ ಕರವಿಯ್ಯೀನ್‌ಗಳಲ್ಲಿ ಈ ವಿದ್ಯೆಗಳು ಇಲ್ಲವಾಗಿವೆ ಎಂಬ ನೋವನ್ನು ಅವರು ಅಡಗಿಸಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಮ್ಮ ಮನೆಯ ಕೊರತೆಯನ್ನು ಹೀಗೆ ಹೇಳಿದವರು ಆ ಮನೆಯನ್ನು ತೊರೆದವರಲ್ಲ. ಅವರು ವಾಲ್ಟೇರ್, ರೂಸೋ, ಮೊಂತೆಸ್ಕ್ಯೂ ಮೊದಲಾದವರನ್ನು ಓದಿದರು. ಮೊಂತೆಸ್ಕ್ಯೂವನ್ನು ನಮ್ಮ ಇಬ್ನು ಖಲ್ದೂನರ ಸಾಲಿನಲ್ಲಿಟ್ಟು ನೋಡಿದರು. ತತ್ವಜ್ಞಾನಿಗಳ ಪುಸ್ತಕಗಳಲ್ಲಿ ದಾರಿತಪ್ಪಿಸುವ ವಿಷಯಗಳೂ ಇವೆ, ಅವನ್ನು ಓದಹೊರಟವರು ಕುರ್‌ಆನ್ ಮತ್ತು ಸುನ್ನತ್‌ನಲ್ಲಿ ಗಟ್ಟಿಯಾಗಿ ಬೇರೂರಿರಬೇಕು ಎಂದು ಎಚ್ಚರಿಸಿದರು. ಆದರೆ ಈ ಎಚ್ಚರಿಕೆಯನ್ನು ಪುಸ್ತಕ ಮುಚ್ಚಲು ನೆಪವಾಗಿಸಿಕೊಳ್ಳಲಿಲ್ಲ. ಬೇರು ಗಟ್ಟಿಯಿದ್ದುದರಿಂದಲೇ ಅವರಿಗೆ ಗಾಳಿಯ ಭಯವಿರಲಿಲ್ಲ.

ಅರಬಿ ಭಾಷೆಯನ್ನು ಅರಬರಲ್ಲದವರು ಚೆನ್ನಾಗಿ ಕಲಿಯಲಾರರೆಂಬ ನಂಬಿಕೆ ಆಗ ಸಾಮಾನ್ಯವಾಗಿತ್ತು. ಪ್ಯಾರಿಸಿನ ಪ್ರಸಿದ್ಧ ವಿದ್ವಾಂಸ ಸಿಲ್ವೆಸ್ತ್ರ್ ದ ಸಾಸಿಯವರನ್ನು ಕಂಡ ಮೇಲೆ ತಹ್ತಾವಿ ಆ ನಂಬಿಕೆಯನ್ನು ಅಲ್ಲಗಳೆದರು. ಸಾಸಿಯವರ ಉಚ್ಚಾರಣೆ ವಿಚಿತ್ರವಾಗಿತ್ತು, ಪುಸ್ತಕ ಕೈಯಲ್ಲಿಲ್ಲದೆ ಅರಬಿ ಮಾತನಾಡುವುದು ಅವರಿಗೆ ಕಷ್ಟವಾಗಿತ್ತು. ಆದರೆ ಅರಬಿ ಗ್ರಂಥಗಳ ಆಳ ಅವರಿಗೆ ಗೊತ್ತಿತ್ತು. ಇಬ್ಬರ ನಡುವೆ ಸ್ನೇಹ ಬೆಳೆಯಿತು. ತಹ್ತಾವಿ ತಮ್ಮ ಹಸ್ತಪ್ರತಿಯನ್ನು ಸಾಸಿಯವರಿಗೆ ಓದಲು ಕೊಟ್ಟರು. ಅವರು ಮೆಚ್ಚಿದರು. ಜೊತೆಗೆ, ನೀವು ಪ್ಯಾರಿಸಿನವರನ್ನು ಮಾತ್ರ ನೋಡಿ ಫ್ರೆಂಚರೆಲ್ಲರೂ ಹೀಗೆಯೇ ಎಂದು ತೀರ್ಮಾನಿಸಿದ್ದೀರಿ ಎಂಬ ಆಕ್ಷೇಪವನ್ನೂ ತಿಳಿಸಿದರು. ಪರದೇಶದಲ್ಲಿ ಒಂದು ಊರು ನೋಡಿ ದೇಶವನ್ನೇ ಅಳೆಯುವ ನಮ್ಮೆಲ್ಲರಿಗೂ ಸಲ್ಲುವ ಆಕ್ಷೇಪ ಇದು.

ಜುಲೈಯ ಮೂರು ದಿನಗಳು

1830ರ ಜುಲೈ ಕೊನೆಯಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಗುಂಡಿನ ಸದ್ದು ಕೇಳಿಸಿತು. ದೊರೆ ಹತ್ತನೆಯ ಶಾರ್ಲ್ ಪತ್ರಿಕಾ ಸ್ವಾತಂತ್ರ್ಯವನ್ನು ಕಿತ್ತುಕೊಂಡು ಆಗ ತಾನೇ ಆಯ್ಕೆಯಾಗಿದ್ದ ಪ್ರತಿನಿಧಿ ಸಭೆಯನ್ನು ವಿಸರ್ಜಿಸುವ ಆಜ್ಞೆಗಳನ್ನು ಹೊರಡಿಸಿದ್ದ. ಜನ ಬೀದಿಗಿಳಿದರು. 27, 28, 29 ಹೀಗೆ ಮೂರೇ ದಿನಗಳಲ್ಲಿ ದೊರೆಯ ಅಧಿಕಾರ ಕುಸಿಯಿತು. ತಹ್ತಾವಿ ಇದಕ್ಕೆಲ್ಲಾ ಪ್ರತ್ಯಕ್ಷ ಸಾಕ್ಷಿ.

ಅವರು ಈ ಘಟನೆಗಳಿಗೆ ತಮ್ಮ ಪುಸ್ತಕದಲ್ಲಿ ಒಂದು ಇಡೀ ಭಾಗವನ್ನೇ ಮೀಸಲಿಟ್ಟರು. ದಂಗೆಯ ರೋಚಕತೆಗಿಂತ ಅವರಿಗೆ ಮುಖ್ಯವಾದದ್ದು ಅದರ ಹಿಂದಿನ ನ್ಯಾಯದ ಪ್ರಶ್ನೆ. ದೊರೆ ಬರೆದುಕೊಟ್ಟ ಶಾಸನಕ್ಕೆ ದೊರೆಯೂ ಬದ್ಧನೇ? ಅವರು 1814ರ ಫ್ರೆಂಚ್ ಸಂವಿಧಾನ ಪತ್ರವನ್ನು ಅರಬಿಗೆ ಅನುವಾದಿಸಿ ಟಿಪ್ಪಣಿ ಬರೆದರು. ಇದರಲ್ಲಿರುವ ಹೆಚ್ಚಿನ ವಿಷಯಗಳು ಅಲ್ಲಾಹನ ಗ್ರಂಥದಲ್ಲಾಗಲಿ ಪ್ರವಾದಿಚರ್ಯೆಯಲ್ಲಾಗಲಿ ಇಲ್ಲ, ಆದರೂ ನ್ಯಾಯವೇ ನಾಡಿನ ಏಳಿಗೆಗೆ ಕಾರಣವೆಂದು ಇವರ ಬುದ್ಧಿ ಹೇಗೆ ಕಂಡುಕೊಂಡಿತು ನೋಡಿ ಎಂದು ಓದುಗರ ಗಮನ ಸೆಳೆದರು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಮೊದಲ ವಿಧಿಯನ್ನು ವಿಶೇಷವಾಗಿ ಎತ್ತಿ ತೋರಿಸಿದರು.

‘ಲಿಬರ್ತೆ’ ಎಂಬ ಫ್ರೆಂಚ್ ಪದಕ್ಕೆ ಅರಬಿಯಲ್ಲಿ ಏನು ಹೇಳುವುದು? ‘ಹುರ್ರಿಯ್ಯ’ ಎಂಬ ಪದವೇನೋ ಇತ್ತು. ಆದರೆ ಅದನ್ನು ಮುಖ್ಯವಾಗಿ ಗುಲಾಮನಲ್ಲದವನ ಸ್ಥಿತಿಗೆ ಬಳಸುತ್ತಿದ್ದರು. ಪ್ರಜೆಯೊಬ್ಬನಿಗೆ ದೊರೆಯ ಎದುರಿನಲ್ಲಿರುವ ಹಕ್ಕು ಎಂಬ ಅರ್ಥ ಅದಕ್ಕಿನ್ನೂ ಕೂಡಿರಲಿಲ್ಲ. ಅವರು ಸ್ವಾತಂತ್ರ್ಯವೆನ್ನುವುದೂ ನಾವು ನ್ಯಾಯ, ನೀತಿ ಎನ್ನುವುದೂ ಒಂದೇ ಎಂದು ತಹ್ತಾವಿ ವಿವರಿಸಿದರು. ಇದು ಪೂರ್ತಿ ಸರಿಯೇ ಎಂದು ಇಂದು ವಾದಿಸಬಹುದು. ಒಳ್ಳೆಯ ದೊರೆ ನ್ಯಾಯ ಕೊಡಬಹುದು, ಆದರೆ ಸ್ವಾತಂತ್ರ್ಯವೆಂದರೆ ದೊರೆಯ ಒಳ್ಳೆಯತನವನ್ನು ನೆಚ್ಚದೆ ಬದುಕುವುದು. ಆದರೂ ಪರಕೀಯ ವಿಚಾರವೊಂದನ್ನು ತಮ್ಮವರ ಮನಸ್ಸಿಗೆ ತಲುಪಿಸಲು ಅವರು ತಮ್ಮವರದೇ ಹಳೆಯ, ಗೌರವದ ಮಾತನ್ನು ಹುಡುಕಿ ತೆಗೆದರು. ಹೊಸ ದೊರೆ ಲೂಯಿ ಫಿಲಿಪ್ ‘ಫ್ರಾನ್ಸಿನ ದೊರೆ’ಯಾಗದೆ ‘ಫ್ರೆಂಚರ ದೊರೆ’ಯಾದ ವ್ಯತ್ಯಾಸವನ್ನೂ ಅವರು ವಿವರಿಸಿದರು. ಒಂದರಲ್ಲಿ ನೆಲ ದೊರೆಯ ಸೊತ್ತು, ಇನ್ನೊಂದರಲ್ಲಿ ಜನರು ಒಪ್ಪಿದ್ದರಿಂದ ಅವನು ದೊರೆ.

ಅದೇ ಜುಲೈಯ ಆರಂಭದಲ್ಲಿ ಫ್ರೆಂಚ್ ಸೈನ್ಯ ಅಲ್ಜಿಯರ್ಸನ್ನು ವಶಪಡಿಸಿಕೊಂಡಿತ್ತು. ಈ ಗೆಲುವಿಗಾಗಿ ಪ್ಯಾರಿಸಿನ ಆರ್ಚ್‌ಬಿಷಪ್ ದೊರೆಯನ್ನು ಅಭಿನಂದಿಸಿದ್ದನ್ನು ತಹ್ತಾವಿ ಬೇಸರದಿಂದಲೇ ದಾಖಲಿಸಿದರು. ಅದೊಂದು ರಾಜಕೀಯ ಜಗಳವಷ್ಟೇ, ಧರ್ಮಯುದ್ಧವಲ್ಲ ಎಂಬುದು ಅವರ ಮಾತು. ಆದರೆ ತನ್ನ ಸ್ವಾತಂತ್ರ್ಯಕ್ಕಾಗಿ ಬೀದಿಗಿಳಿದ ನಗರವೇ ಇನ್ನೊಂದು ಜನಾಂಗದ ಸ್ವಾತಂತ್ರ್ಯವನ್ನು ಕಿತ್ತುಕೊಂಡದ್ದರ ಪೂರ್ಣ ಅರ್ಥ ಅವರ ಬರಹದಲ್ಲಿ ಕಾಣುವುದಿಲ್ಲ. ಅಲ್ಜೀರಿಯದ ಮೇಲೆ ಬಿದ್ದ ಆ ಕೈ 132 ವರ್ಷಗಳ ನಂತರ, 1962ರಲ್ಲಿ ಸಡಿಲವಾಯಿತು. ಅಷ್ಟರಲ್ಲಿ 1882ರಲ್ಲಿ ಈಜಿಪ್ಟೂ ಬ್ರಿಟಿಷರ ಪಾಲಾಯಿತು. ಯುರೋಪಿನಿಂದ ಕಲಿಯಬೇಕಾದದ್ದನ್ನು ತಹ್ತಾವಿ ಸ್ಪಷ್ಟವಾಗಿ ಕಂಡರು. ಯುರೋಪಿನಿಂದ ಬರಲಿರುವ ಅಪಾಯ ಅವರಿಗೆ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಅವರ ಮೇಲಿನ ಅಭಿಮಾನದಲ್ಲಿ ನಾವು ಇದನ್ನು ಮರೆಮಾಚಬಾರದು.

ಹೊತ್ತು ತಂದದ್ದೇನು?

ಅಂತಿಮ ಪರೀಕ್ಷೆಗೆ ಕುಳಿತಾಗ ತಹ್ತಾವಿ ತಮ್ಮ ಹನ್ನೆರಡು ಅನುವಾದಗಳನ್ನು ಮುಂದಿಟ್ಟರು. ಕೆಲವು ಇಡೀ ಪುಸ್ತಕಗಳು, ಕೆಲವು ಭಾಗಗಳು. ಖನಿಜಶಾಸ್ತ್ರ, ಭೂಗೋಳ, ರೇಖಾಗಣಿತ, ಇತಿಹಾಸ, ಕಾನೂನು ಎಲ್ಲವೂ ಅದರಲ್ಲಿದ್ದವು. ಕೆಲವೆಡೆ ಮೂಲದ ಪದಕ್ಕೆ ಪದ ಕೂಡುವುದಿಲ್ಲ, ಆದರೆ ಅರ್ಥ ಕೆಟ್ಟಿಲ್ಲ ಎಂದು ಪರೀಕ್ಷಕರು ಅಭಿಪ್ರಾಯಪಟ್ಟರು.

1831ರಲ್ಲಿ ಅವರು ಈಜಿಪ್ಟಿಗೆ ಮರಳಿದರು. ಗುರುವಿಗೆ ಕೊಟ್ಟ ಮಾತಿನಂತೆ ಬರೆದ ಪುಸ್ತಕ 1834ರಲ್ಲಿ ಕೈರೋದ ಬೂಲಾಕ್ ಸರಕಾರಿ ಮುದ್ರಣಾಲಯದಲ್ಲಿ ಅಚ್ಚಾಯಿತು. ‘ತಖ್‌ಲೀಸುಲ್ ಇಬ್ರೀಝ್ ಫೀ ತಲ್‌ಖೀಸಿ ಬಾರೀಝ್’ ಎಂಬುದು ಅದರ ಪ್ರಾಸಬದ್ಧ ಹೆಸರು. ಪ್ಯಾರಿಸಿನ ಸಾರವನ್ನು ಸಂಗ್ರಹಿಸುತ್ತಾ ಅಪರಂಜಿಯನ್ನು ಪುಟವಿಟ್ಟು ತೆಗೆಯುವುದು ಎಂದು ಅದರ ಭಾವಾರ್ಥ. ಅತ್ತಾರ್ ಅದನ್ನು ಮೆಚ್ಚಿ ಶಿಫಾರಸು ಮಾಡಿದರು. ಪಾಶಾ ಅದನ್ನು ತುರ್ಕಿಗೆ ಅನುವಾದಿಸಿ ಅಧಿಕಾರಿಗಳಿಗೆ ಹಂಚಿಸಿದ. ಅರಬಿ ಬಾರದ ಓದುಗರಿಗೆ ಡೇನಿಯಲ್ ನ್ಯೂಮನ್ ಅವರ ಇಂಗ್ಲಿಷ್ ಅನುವಾದ 2004ರಿಂದ ಲಭ್ಯವಿದೆ.

ಪಾಶಾನೇ ಅಚ್ಚು ಹಾಕಿಸಿದ ಆ ಪುಸ್ತಕದಲ್ಲಿ ಪಾಶಾನ ನಡೆಯೊಂದರ ಟೀಕೆಯೂ ಇದೆ ಎಂಬುದು ಕುತೂಹಲದ ವಿಷಯ. ಲಕ್ಸರ್ ದೇವಾಲಯದ ಮುಂದಿನ ಪುರಾತನ ಶಿಲಾಸ್ತಂಭವನ್ನು ಮುಹಮ್ಮದ್ ಅಲಿ ಫ್ರಾನ್ಸಿಗೆ ಉಡುಗೊರೆಯಾಗಿ ಕೊಟ್ಟಿದ್ದ. 1836ರಲ್ಲಿ ಅದನ್ನು ಪ್ಯಾರಿಸಿನ ಕಾಂಕರ್ಡ್ ಚೌಕದಲ್ಲಿ ನಿಲ್ಲಿಸಲಾಯಿತು, ಇಂದಿಗೂ ಅಲ್ಲೇ ಇದೆ. ಪೂರ್ವಿಕರು ಬಿಟ್ಟುಹೋದ ಇಂತಹ ಆಭರಣಗಳನ್ನು ಒಂದೊಂದಾಗಿ ಸಾಗಿಸುವುದು ಪರರ ಒಡವೆ ಕದ್ದಂತೆ ಎಂಬರ್ಥದಲ್ಲಿ ತಹ್ತಾವಿ ಬರೆದರು. ಫಿರ್‌ಔನರ ಕಾಲದ ಕಲ್ಲನ್ನು ತಮ್ಮ ನಾಡಿನ ಪರಂಪರೆಯೆಂದು ಕಾಣುವ ಕಣ್ಣು ಈ ಅಝ್‌ಹರ್ ಪದವೀಧರನಿಗೆ ಪರದೇಶದಲ್ಲಿ ತೆರೆದಿತ್ತು.

1835ರಲ್ಲಿ ಭಾಷೆಗಳ ಶಾಲೆಯೊಂದು ಕೈರೋದಲ್ಲಿ ಆರಂಭವಾಯಿತು. ತಹ್ತಾವಿ ಅದರ ಮುಖ್ಯಸ್ಥರಾದರು. ಅರಬಿ, ಫ್ರೆಂಚ್, ತುರ್ಕಿ ಬಲ್ಲ ಒಂದು ಪೀಳಿಗೆಯೇ ಅಲ್ಲಿ ತಯಾರಾಗಿ ವಿಜ್ಞಾನ, ಇತಿಹಾಸ, ಕಾನೂನುಗಳ ನೂರಾರು ಪುಸ್ತಕಗಳನ್ನು ಅರಬಿಗೆ ತಂದಿತು. ಒಬ್ಬ ವಿದ್ಯಾರ್ಥಿಯ ಐದು ವರ್ಷ ಹೀಗೆ ಸಾವಿರಾರು ಮಂದಿಯದಾಯಿತು. ಪರದೇಶಕ್ಕೆ ಹೋಗಲಾರದವನಿಗೂ ಪರದೇಶದ ವಿದ್ಯೆ ತನ್ನ ಭಾಷೆಯಲ್ಲೇ ಸಿಗುವಂತಾಯಿತು.

ಖಾರ್ತೂಮ್‌ನ ನಾಲ್ಕು ವರ್ಷ

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸುಖಾಂತ ಕಥೆ. ಆದರೆ ಮುಹಮ್ಮದ್ ಅಲಿಯ ನಂತರ ಅಧಿಕಾರಕ್ಕೆ ಬಂದ ಮೊಮ್ಮಗ ಅಬ್ಬಾಸ್‌ಗೆ ಈ ಹೊಸ ವಿದ್ಯೆಗಳಲ್ಲಿ ಆಸಕ್ತಿಯಿರಲಿಲ್ಲ. ಭಾಷೆಗಳ ಶಾಲೆ ಮುಚ್ಚಿತು. 1850ರಲ್ಲಿ ತಹ್ತಾವಿಯನ್ನು ಸುಡಾನಿನ ಖಾರ್ತೂಮ್‌ಗೆ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರನ್ನಾಗಿ ಕಳುಹಿಸಲಾಯಿತು. ಹೆಸರಿಗೆ ನೇಮಕಾತಿ, ವಾಸ್ತವದಲ್ಲಿ ಗಡೀಪಾರು. ಜೊತೆಗೆ ಹೋದ ಹಲವರು ಅಲ್ಲಿನ ಹವೆ ತಾಳಲಾರದೆ ತೀರಿಕೊಂಡರು. ಪ್ಯಾರಿಸಿನಲ್ಲಿ ಕಣ್ಣು ಸವೆಸಿ ಓದಿದ ವಿದ್ವಾಂಸರು ಐವತ್ತರ ವಯಸ್ಸಿನಲ್ಲಿ ಆ ಬಿಸಿಲಿನ ಊರಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆ ನೋಡಿಕೊಂಡರು.

ಅಲ್ಲಿ ಅವರು ಕೈಕಟ್ಟಿ ಕೂರಲಿಲ್ಲ. ಫ್ರೆಂಚ್ ಲೇಖಕ ಫೆನೆಲಾನ್‌ನ ‘ತೆಲೆಮಾಕ್’ ಎಂಬ ಕಾದಂಬರಿಯನ್ನು ಅರಬಿಗೆ ಅನುವಾದಿಸಿದರು. ರಾಜಕುಮಾರನೊಬ್ಬನಿಗೆ ಒಳ್ಳೆಯ ಆಡಳಿತವೆಂದರೇನೆಂದು ಬೋಧಿಸುವ ಕಥೆ ಅದು. ದೊರೆಯ ಅವಕೃಪೆಗೆ ಒಳಗಾದವರು ಆ ಪುಸ್ತಕವನ್ನೇ ಆರಿಸಿಕೊಂಡದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅದು 1867ರಲ್ಲಿ ಬೈರೂತ್‌ನಲ್ಲಿ ಪ್ರಕಟವಾಯಿತು.

1854ರಲ್ಲಿ ಅಬ್ಬಾಸ್ ಸತ್ತ ಮೇಲೆ ಅವರಿಗೆ ಕೈರೋಕ್ಕೆ ಮರಳಲು ಸಾಧ್ಯವಾಯಿತು. ಮುಂದೆ ಅವರ ಮೇಲ್ವಿಚಾರಣೆಯಲ್ಲಿ ಫ್ರೆಂಚ್ ಕಾನೂನು ಸಂಹಿತೆಗಳು ಅರಬಿಗೆ ಬಂದವು. 1870ರಲ್ಲಿ ಆರಂಭವಾದ ‘ರೌದತುಲ್ ಮದಾರಿಸ್’ ಎಂಬ ಶೈಕ್ಷಣಿಕ ಪತ್ರಿಕೆಗೆ ಅವರು ಸಂಪಾದಕರಾದರು. ಕೊನೆಯ ವರ್ಷಗಳಲ್ಲಿ ಹುಡುಗಿಯರಿಗೂ ಹುಡುಗರಿಗೂ ಸಮಾನವಾಗಿ ವಿದ್ಯೆ ಬೇಕೆಂದು ವಾದಿಸುವ ‘ಅಲ್ ಮುರ್ಷಿದುಲ್ ಅಮೀನ್’ ಎಂಬ ಪುಸ್ತಕ ಬರೆದರು. ಅವರು ಇದನ್ನು ಬರೆದು ಬಿಟ್ಟವರಲ್ಲ. ತಮ್ಮ ಹೆಂಡತಿಗೆ, ನಿನ್ನ ಮೇಲೆ ಇನ್ನೊಂದು ಮದುವೆಯಾಗುವುದಿಲ್ಲ, ದಾಸಿಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಬಹಳ ಹಿಂದೆಯೇ ಲಿಖಿತ ಕರಾರು ಮಾಡಿಕೊಟ್ಟಿದ್ದರು. 1873ರಲ್ಲಿ ಅವರು ನಿಧನರಾದರು. ಅದೇ ವರ್ಷ ಕೈರೋದಲ್ಲಿ ಬಾಲಕಿಯರ ಶಾಲೆಯೊಂದು ಆರಂಭವಾಯಿತು.

ನಮ್ಮ ಪಾಲಿನ ಪ್ರಶ್ನೆ

ಈಗ ನಾವು ವಿಮಾನ ನಿಲ್ದಾಣಕ್ಕೆ ಮರಳೋಣ. ಇಂದು ನಮ್ಮ ಹುಡುಗರು ಮಾತ್ರವಲ್ಲ, ಹುಡುಗಿಯರೂ ಪೆಟ್ಟಿಗೆ ಹಿಡಿದು ಹೊರಟಿದ್ದಾರೆ. ಅವರ ಬಗ್ಗೆ ನಾವು ಹೆಚ್ಚಾಗಿ ಕೇಳುವ ಪ್ರಶ್ನೆ, ಹೋದ ಮಗು ಹಾಗೆಯೇ ಮರಳುವುದೇ ಎಂಬುದು. ತಹ್ತಾವಿಯ ಬದುಕನ್ನು ನೋಡಿದ ಮೇಲೆ ಈ ಪ್ರಶ್ನೆಯೇ ಸರಿಯಲ್ಲವೆನಿಸುತ್ತದೆ. ಹೋದ ಹಾಗೆಯೇ ಮರಳುವುದಾದರೆ ಹೋಗುವುದೇಕೆ? ಅವರು ಹೋದ ಹಾಗೆ ಮರಳಲಿಲ್ಲ. ಆದರೆ ಐದು ವರ್ಷಗಳ ನಂತರವೂ ಅವರು ನಮಾಝ್ ಮಾಡಿಸುವ ಇಮಾಮರೇ ಆಗಿದ್ದರು. ಜೊತೆಗೆ ಸಂವಿಧಾನ ಓದಿದ, ಕ್ರಾಂತಿ ಕಂಡ, ಖನಿಜಶಾಸ್ತ್ರ ಅನುವಾದಿಸಿದ ಇಮಾಮರಾಗಿದ್ದರು.

ಇದರಲ್ಲಿ ಪ್ಯಾರಿಸಿನ ಪಾಲು ದೊಡ್ಡದು, ನಿಜ. ಆದರೆ ಹೊರಡುವ ಮುನ್ನ ಅತ್ತಾರ್ ಅವರಲ್ಲಿ ಬೆಳೆಸಿದ ಕುತೂಹಲವಿಲ್ಲದಿದ್ದರೆ, ಮರಳಿದ ಮೇಲೆ ಬೂಲಾಕ್‌ನ ಮುದ್ರಣಾಲಯ ಮತ್ತು ಭಾಷೆಗಳ ಶಾಲೆ ಇಲ್ಲದಿದ್ದರೆ ಆ ಐದು ವರ್ಷ ಒಬ್ಬ ವ್ಯಕ್ತಿಯ ನೆನಪುಗಳಾಗಿ ಉಳಿದುಬಿಡುತ್ತಿದ್ದವು. ಖಾರ್ತೂಮ್‌ನ ನಾಲ್ಕು ವರ್ಷಗಳು ಹೇಳುವುದೂ ಅದನ್ನೇ. ಪಾಠ ಹೇಳುವವರು ಅವರೇ, ಅವರ ವಿದ್ಯೆಯೂ ಅದೇ. ಆದರೆ ಅದನ್ನು ಪಡೆಯುವ ಮನಸ್ಸು ನಾಡಿಗೆ ಇಲ್ಲವಾಗಿತ್ತು. ಪರದೇಶದ ಓದಿನ ಪರೀಕ್ಷೆಯನ್ನು ವಿದ್ಯಾರ್ಥಿಯೊಬ್ಬನೇ ಬರೆಯುವುದಿಲ್ಲ, ಅವನನ್ನು ಕಳುಹಿಸಿದ ಸಮಾಜವೂ ಬರೆಯುತ್ತದೆ.

ಓದಿ ಬಂದ ಮಗ ಊಟಕ್ಕೆ ಕುಳಿತಾಗ ನಾವು ಸಂಬಳ ಎಷ್ಟೆಂದು ಕೇಳುತ್ತೇವೆ, ಮದುವೆಯ ಮಾತೆತ್ತುತ್ತೇವೆ. ಅಲ್ಲಿ ಗ್ರಂಥಾಲಯಗಳು ಹೇಗಿವೆ, ಗುರುವನ್ನು ಪ್ರಶ್ನಿಸಬಹುದೇ, ಬಡವನಿಗೆ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ, ಬಣ್ಣ ನೋಡಿ ಅವಮಾನಿಸಿದವರು ಯಾರು, ಬೆನ್ನಿಗೆ ನಿಂತವರು ಯಾರು ಎಂದು ಎಷ್ಟು ಮನೆಗಳಲ್ಲಿ ಕೇಳುತ್ತಾರೆ? ಅವನು ತಾನಾಗಿ ಹೇಳಹೊರಟರೆ, ನಮ್ಮಲ್ಲಿಯ ಒಂದು ಕೊರತೆಯನ್ನು ಎತ್ತಿ ಆಡಿದರೆ, ‘ನಾಲ್ಕು ದಿನ ಅಲ್ಲಿದ್ದು ಬಂದ, ಈಗ ನಮಗೇ ಬುದ್ಧಿ ಹೇಳುತ್ತಾನೆ’ ಎಂದು ಬಾಯಿ ಮುಚ್ಚಿಸುತ್ತೇವೆ. ನಮ್ಮ ಮನೆಗಳೊಳಗೂ ಒಂದೊಂದು ಖಾರ್ತೂಮ್ ಇದೆ.

ಪುಟವಿಟ್ಟರೇನೆ ಚಿನ್ನ ಶುದ್ಧವಾಗುವುದೆಂದು ನಮ್ಮ ಅಕ್ಕಸಾಲಿಗರಿಗೆ ಗೊತ್ತು. ತಹ್ತಾವಿ ತಮ್ಮ ಪುಸ್ತಕಕ್ಕೆ ಅದೇ ಹೆಸರನ್ನಿಟ್ಟರು. ಕಂಡದ್ದೆಲ್ಲವೂ ಚಿನ್ನವೆಂದು ಅವರು ಹೇಳಲಿಲ್ಲ, ಎಲ್ಲವೂ ಕಿಟ್ಟವೆಂದೂ ಹೇಳಲಿಲ್ಲ. ಕಷ್ಟಪಟ್ಟು ಬೇರ್ಪಡಿಸಿ, ತಮ್ಮವರ ಭಾಷೆಯಲ್ಲಿ ತಮ್ಮವರ ಮುಂದಿಟ್ಟರು. ಮುಂದಿನ ಬಾರಿ ಮಗನನ್ನೋ ಮಗಳನ್ನೋ ಬೀಳ್ಕೊಡುವಾಗ ನಮಾಝಿನ ಮಾತನ್ನೂ ಹೇಳೋಣ, ಕೆಲಸದ ಮಾತನ್ನೂ ಹೇಳೋಣ. ಜೊತೆಗೆ ಶೇಖ್ ಅತ್ತಾರರ ಆ ಮೂರನೆಯ ಮಾತನ್ನೂ ಹೇಳೋಣ. ಹೇಳಿದ ಮೇಲೆ, ಅವರು ಮರಳಿ ಬಂದು ಹೇಳುವುದನ್ನು ಕೇಳಲು ಕುಳಿತುಕೊಳ್ಳೋಣ.